ಮಗು ಬೆಳೆದಂತೆ ಶಿಸ್ತಿನ ರೀತಿ

ಹೆತ್ತವರ ಸಭೆಗೆ ಬಂದವರಲ್ಲಿ ಒಬ್ಬಿಬ್ಬರಾದರೂ ಪ್ರತಿ ವರ್ಷ ಹೇಳುವ ಮಾತೊಂದಿದೆ: "ನಾಲ್ಕು ಪೆಟ್ಟು ಕೊಡಿ ಮಾಷ್ಟ್ರೇ, ನಮ್ಮದೇನೂ ಆಕ್ಷೇಪವಿಲ್ಲ." ಅದೇ ಮಗ ನಾಲ್ಕು ವರ್ಷದವನಾಗಿದ್ದಾಗ ಅತ್ತು ಕೇಳಿದ್ದನ್ನೆಲ್ಲ ಕೊಡಿಸಿದವರೂ ಇವರೇ. ಇವರಲ್ಲಿ ಮಮತೆಗೆ ಕೊರತೆಯಿಲ್ಲ. ಯಾವ ವಯಸ್ಸಿಗೆ ಯಾವ ಕ್ರಮ ಎಂಬ ವಿವೇಚನೆಗೆ ಕೊರತೆ.

ಐದು ವರ್ಷ ಮುದ್ದು, ಮುಂದಿನ ಹತ್ತು ವರ್ಷ ದಂಡನೆ, ಹದಿನಾರು ತುಂಬಿದ ಮಗ ಮಿತ್ರನಿಗೆ ಸಮಾನ ಎಂಬ ಅರ್ಥದ ಶ್ಲೋಕವೊಂದು ಚಾಣಕ್ಯನ ಹೆಸರಿನಲ್ಲಿ ಪ್ರಚಾರದಲ್ಲಿದೆ. ವಯಸ್ಸಿಗೆ ತಕ್ಕಂತೆ ಹೆತ್ತವರೂ ಬದಲಾಗಬೇಕೆಂಬ ಅದರ ತಿಳುವಳಿಕೆ ದೊಡ್ಡದು. ಆದರೆ ನಮ್ಮಲ್ಲಿ ಹೆಚ್ಚಿನವರು ಅದರ ನಡುವಿನ ಭಾಗವನ್ನಷ್ಟೇ ನೆನಪಿಟ್ಟುಕೊಂಡಂತಿದೆ! ಬೆತ್ತದ ಕಾಲವಂತೂ ಮುಗಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಎರಡು ವರ್ಷದ ಮಗುವಿಗೆ ಮೆಟ್ಟುಕತ್ತಿ ಮುಟ್ಟಬೇಡವೆಂದು ಹತ್ತು ಸಲ ಗದರುವುದಕ್ಕಿಂತ ಅದನ್ನು ಎತ್ತಿ ಬೇರೆಡೆ ಇಡುವುದು ಮೇಲು. ಆ ಪ್ರಾಯದಲ್ಲಿ ಶಿಸ್ತು ಬೇಕಾದುದು ದೊಡ್ಡವರಿಗೆ.

ಪ್ರಾಥಮಿಕ ಶಾಲೆಯ ವಯಸ್ಸಿನ ವಿಚಾರ ಹಾಗಲ್ಲ. ಸ್ವಿಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮಕ್ಕಳ ಮುಂದಿಟ್ಟ ಎರಡು ಕತೆಗಳಿವೆ. ಊಟಕ್ಕೆ ಕರೆದರೆಂದು ಬಾಗಿಲು ತೆರೆದ ಹುಡುಗನ ಕೈಯಲ್ಲಿ, ಬಾಗಿಲ ಹಿಂದಿದ್ದ 15 ಕಪ್ಪುಗಳು ಅರಿಯದೆ ಒಡೆದವು. ಇನ್ನೊಬ್ಬ, ತಾಯಿ ಇಲ್ಲದಾಗ ಜಾಮ್ ಕದಿಯಲು ಹತ್ತಿ ಒಂದು ಕಪ್ಪು ಒಡೆದ. ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳಲ್ಲಿ ಅನೇಕರು ಹದಿನೈದು ಒಡೆದವನದೆಂದರು. ಒಂಬತ್ತು ಹತ್ತರ ಹೊತ್ತಿಗೆ ಉತ್ತರ ತಿರುಗಿತ್ತು. ಉದ್ದೇಶವನ್ನು ಬಿಡಿಸಿ ಹೇಳಿದರೆ ಇನ್ನೂ ಚಿಕ್ಕವರಿಗೂ ಅದು ತಿಳಿಯುತ್ತದೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಹಾಗಿರುವಾಗ ಕೈತಪ್ಪಿ ಹಾಲು ಚೆಲ್ಲಿದ ಮಗುವಿಗೂ ಸುಳ್ಳು ಹೇಳಿದ ಮಗುವಿಗೂ ಒಂದೇ ಬೈಗುಳವಾದರೆ, ನಮಗಿಂತ ಮಗುವೇ ನ್ಯಾಯವನ್ನು ಹೆಚ್ಚು ಬಲ್ಲುದೆಂದಾಯಿತು. ಚೆಲ್ಲಿದ್ದನ್ನು ಅದರ ಕೈಯಿಂದಲೇ ಒರೆಸಿಸಿದರೆ ಸಾಕು. ನಿಯಮಗಳು ನಾಲ್ಕೇ ಇರಲಿ, ಆದರೆ ದಿನಕ್ಕೊಂದು ಬಗೆಯಾಗದಿರಲಿ. ಇಂದು ಕೂಡದು, ನಾಳೆ ಅಪ್ಪನ ಮನಸ್ಸು ಸರಿಯಿದ್ದರೆ ಆದೀತು ಎಂದಾದಾಗ ಮಗು ನಿಯಮವನ್ನಲ್ಲ, ಅಪ್ಪನ ಮುಖವನ್ನು ಓದಲು ಕಲಿಯುತ್ತದೆ.

ಹೈಸ್ಕೂಲಿಗೆ ಬಂದ ಮೇಲಿನದೇ ನಿಜವಾದ ಸಮಸ್ಯೆ. ನಮ್ಮ ಕಾಸರಗೋಡಿನ ಕಡೆಯ ಎಂಟನೆಯ ತರಗತಿಯ ಹುಡುಗನನ್ನು ನೋಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಅಜ್ಜನ ಪಿಂಚಣಿಯ ಮಲಯಾಳ ಅರ್ಜಿಯನ್ನು ಓದಿ ಹೇಳುವವನು ಅವನು. ವಿಲೇಜ್ ಆಫೀಸಿನಲ್ಲಿ ಅಪ್ಪನ ಪರವಾಗಿ ಮಾತನಾಡುವವನೂ ಅವನೇ. ಮನೆಗೆ ಮರಳಿದೊಡನೆ "ನಿನಗೇನು ಗೊತ್ತು, ಬಾಯಿ ಮುಚ್ಚು" ಎಂದರೆ ಅವನು ನಿಜಕ್ಕೂ ಬಾಯಿ ಮುಚ್ಚುತ್ತಾನೆ. ಹೇಳಲೇಬೇಕಾದುದನ್ನೂ ಹೇಳದಿರಲು ಕಲಿಯುತ್ತಾನೆ. ಮೊಬೈಲಿಗೆ ಸಮಯ ಗೊತ್ತುಮಾಡುವಾಗ ಅವನನ್ನೂ ಕೂರಿಸಿಕೊಂಡು ಕಾರಣ ಹೇಳಿ, ಅವನ ವಾದವನ್ನೂ ಕೇಳಬೇಕು. ತಾನೂ ಸೇರಿ ಮಾಡಿದ ನಿಯಮವನ್ನು ಮುರಿಯಲು ಅವನಿಗೇ ಸಂಕೋಚ.

ಎಲ್ಲವೂ ಚರ್ಚೆಯ ವಿಷಯವೆಂದು ಇದರರ್ಥವಲ್ಲ. ಹದಿನೆಂಟು ತುಂಬದವನು ಬೈಕಿನ ಕೀ ಕೇಳಿದರೆ ಉತ್ತರ ಒಂದೇ.

ಇನ್ನೊಂದು ಮಾತು ಹೆಣ್ಣುಮಕ್ಕಳ ಕುರಿತು. ಅಣ್ಣನ ಹಗ್ಗ ಸಡಿಲಾಗುವ ಪ್ರಾಯದಲ್ಲೇ ತಂಗಿಯ ಹಗ್ಗ ಬಿಗಿಯಾಗುತ್ತದೆ. ಗ್ರಂಥಾಲಯದಲ್ಲಿ ಅರ್ಧ ಗಂಟೆ ಕುಳಿತುದಕ್ಕೂ ಅವಳು ಲೆಕ್ಕ ಒಪ್ಪಿಸಬೇಕು. ಅವನು ಕತ್ತಲಾದ ಮೇಲೆ ಬಂದರೂ ಬಡಿಸಿಟ್ಟ ಊಟ ಕಾದಿರುತ್ತದೆ. ಬಡಿಸಿದವಳು ಹೆಚ್ಚಾಗಿ ಆ ತಂಗಿಯೇ.