ಹಳೆಯ ವ್ಯಾನಿನ ವಿದ್ಯುತ್ ದೋಷಗಳು: ಪತ್ತೆ ಹಚ್ಚುವ ಕ್ರಮ

ಮಾರುತಿ ವ್ಯಾನು 1984ರಲ್ಲಿ ಭಾರತದ ರಸ್ತೆಗಿಳಿಯಿತು. 1988ರಲ್ಲಿ ‘ಓಮ್ನಿ’ ಎಂಬ ಹೆಸರು ಪಡೆದ ಈ ವಾಹನದ ತಯಾರಿಕೆ 2019ರಲ್ಲಿ ನಿಂತುಹೋಯಿತು. ಆದರೂ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಬೀದಿಗಳಲ್ಲಿ ಅದು ಇಂದಿಗೂ ಕಾಣಸಿಗುತ್ತದೆ. ಇಂಥ ಒಂದು ವಾಹನದ ದುಡಿಮೆಯನ್ನೇ ನಂಬಿದ ಕುಟುಂಬಗಳೂ ಉಂಟು. 15 ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯ ನವೀಕರಣಕ್ಕಾಗಲಿ, ಬಾಡಿಗೆ ವಾಹನಕ್ಕೆ ಬೇಕಾದ ಅರ್ಹತಾ ಪತ್ರಕ್ಕಾಗಲಿ ತಪಾಸಣೆಗೆ ಒಯ್ದಾಗ ದೀಪ, ಹಾರನ್ನು, ತಿರುವುಸೂಚಕಗಳು ಸರಿಯಾಗಿ ಕೆಲಸ ಮಾಡಲೇಬೇಕು. ಎಂಜಿನ್ನು ಗಟ್ಟಿಯಾಗಿದ್ದರೂ ಹಳೆಯ ವಾಹನಗಳು ಸೋಲುವುದು ಬಹುಮಟ್ಟಿಗೆ ಇಲ್ಲಿಯೇ.

ಉದಾಹರಣೆಗೆ, ಇಪ್ಪತ್ತು ವರ್ಷ ಓಡಿದ ಒಂದು ವ್ಯಾನನ್ನು ಊಹಿಸಿಕೊಳ್ಳಬಹುದು. ಅದರ ಮುಂದಿನ ದೀಪಗಳು ಮಂಕಾಗಿವೆ. ಬ್ರೇಕು ಒತ್ತಿದರೆ ಹಿಂಬದಿಯ ತಿರುವುಸೂಚಕವೂ ಮಿಣುಕುತ್ತದೆ. ದೀಪ ಹಾಕಿದೊಡನೆ ಪೆಟ್ರೋಲ್ ಮಾಪಕದ ಮುಳ್ಳು ಸ್ಥಳ ಬದಲಿಸುತ್ತದೆ. ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಬರಿದಾಗುತ್ತದೆ. ನಾಲ್ಕು ದೋಷಗಳಿಗೆ ನಾಲ್ಕು ಬಿಡಿಭಾಗಗಳನ್ನು ಕೊಂಡು ಹಾಕುವುದು ರೂಢಿ. ಹಣ ಖರ್ಚಾಗುತ್ತದೆ; ತಿಂಗಳೊಳಗೆ ದೋಷಗಳು ಮರಳುತ್ತವೆ. ಇಷ್ಟು ಭಾಗಗಳು ಒಂದೇ ಕಾಲಕ್ಕೆ ಪ್ರತ್ಯೇಕವಾಗಿ ಕೆಡುವುದು ಅಪರೂಪ. ಆದ್ದರಿಂದ ಅವೆಲ್ಲವುಗಳ ವಿದ್ಯುತ್ತು ಎಲ್ಲಿ ಕೂಡಿ ಹರಿಯುತ್ತದೆ ಎಂಬ ಪ್ರಶ್ನೆಯಿಂದಲೇ ಪರೀಕ್ಷೆಯನ್ನು ಆರಂಭಿಸಬೇಕು.

ಮನೆಯ ದೀಪಕ್ಕೆ ಎರಡು ತಂತಿಗಳು ಬೇಕು. ವಾಹನದಲ್ಲಿ ಸಾಮಾನ್ಯವಾಗಿ ಹೋಗುವ ತಂತಿ ಮಾತ್ರ ದೂರದಿಂದ ಬರುತ್ತದೆ; ಹಿಂತಿರುಗುವ ದಾರಿ ವಾಹನದ ಕಬ್ಬಿಣದ ಒಡಲೇ. ಬ್ಯಾಟರಿಯ ಋಣಾಗ್ರವನ್ನು ಒಡಲಿಗೂ ಎಂಜಿನ್ನಿಗೂ ಬಿಗಿದಿರುತ್ತಾರೆ. ಪ್ರತಿ ದೀಪದ ಕಿರುತಂತಿಯೂ ಎಲ್ಲೋ ಒಂದು ಕಡೆ ಬೋಲ್ಟಿನ ಮೂಲಕ ಒಡಲನ್ನು ಸೇರುತ್ತದೆ. ಕಾರ್ಖಾನೆಗಳಲ್ಲಿ ಇದನ್ನು ‘ಅರ್ತ್’ ಎಂದು ಕರೆಯುವುದು ವಾಡಿಕೆ. ಮುಂಬಯಿಯ ಮಳೆಗಾಲ, ಚೆನ್ನೈಯ ಉಪ್ಪುಗಾಳಿ ಮೊದಲು ತಿನ್ನುವುದು ಈ ಬೋಲ್ಟುಗಳನ್ನೇ. ಕೆಲವೊಮ್ಮೆ ತಪ್ಪು ಮಳೆಯದಲ್ಲ, ಬಣ್ಣದ್ದು: ಒಡಲನ್ನು ಹೊಸದಾಗಿ ಬಣ್ಣ ಬಳಿಸಿ ಹೊಳೆಯುವಂತೆ ಮಾಡಿದ ಮರುದಿನವೇ ದೀಪಗಳು ಮಂಕಾದರೆ, ಬೋಲ್ಟಿನ ಅಡಿಯಲ್ಲಿ ಬಣ್ಣದ ಪದರ ಕುಳಿತಿದೆ ಎಂದು ತಿಳಿಯಬಹುದು.

ಬ್ರೇಕಿನೊಡನೆ ತಿರುವುಸೂಚಕ ಮಿಣುಕುವುದರ ಗುಟ್ಟೂ ಇದೇ. ಹಿಂಬದಿಯ ದೀಪಗುಚ್ಛದಲ್ಲಿ ಬ್ರೇಕು, ರಾತ್ರಿದೀಪ, ಸೂಚಕ ಇವು ಮೂರಕ್ಕೂ ಒಂದೇ ಅರ್ತ್ ಇರುವುದುಂಟು. ಅದು ತುಕ್ಕು ಹಿಡಿದರೆ ಬ್ರೇಕು ದೀಪದಿಂದ ಹೊರಬಂದ ವಿದ್ಯುತ್ತಿಗೆ ಒಡಲಿಗೆ ಇಳಿಯುವ ದಾರಿ ಇರುವುದಿಲ್ಲ. ಅದು ಪಕ್ಕದ ಸೂಚಕದ ತಂತುವಿನೊಳಗೆ ಹಿಮ್ಮುಖವಾಗಿ ಹರಿದು, ಅದರ ತಂತಿಯ ಮೂಲಕ ಮುಂಬದಿಯ ಸೂಚಕವನ್ನು ತಲುಪಿ, ಅಲ್ಲಿಯ ಅರ್ತ್ ಮೂಲಕ ಬ್ಯಾಟರಿಗೆ ಮರಳುತ್ತದೆ. ತಂತುವಿಗೆ ದಿಕ್ಕಿನ ಭೇದವಿಲ್ಲವಾದ್ದರಿಂದ ಸೂಚಕ ಮಂದವಾಗಿ ಉರಿಯುತ್ತದೆ. ಹಿಂದೆ ಬರುವ ಲಾರಿಯ ಚಾಲಕನಿಗೆ ಇದರಿಂದ ದೊರೆಯುವ ಸಂದೇಶ ತಪ್ಪಾದದ್ದು. ಇದನ್ನು ಸಣ್ಣ ದೋಷವೆಂದು ಕಡೆಗಣಿಸಲಾಗದು.

ಆದರೂ ಮೊದಲ ಅಳತೆ ಬ್ಯಾಟರಿಯದೇ ಆಗಿರಬೇಕು. ಪೂರ್ತಿ ತುಂಬಿದ 12 ವೋಲ್ಟಿನ ಬ್ಯಾಟರಿ, ಕೆಲವು ಗಂಟೆಗಳ ವಿಶ್ರಾಂತಿಯ ಬಳಿಕ, ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಸುಮಾರು ಅರ್ಧ ಖಾಲಿ. ಎಂಜಿನ್ನು ಚಾಲೂ ಮಾಡುವಾಗ ಇದು 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ನು ಓಡುತ್ತಿರುವಾಗ 13.8ರಿಂದ 14.4ರವರೆಗೆ ಇದ್ದರೆ ಆಲ್ಟರ್ನೇಟರು ಸರಿಯಾಗಿದೆ. 15 ದಾಟಿದರೆ ನಿಯಂತ್ರಕ ಕೆಟ್ಟಿರಬಹುದು. ಆಗ ಬಲ್ಬುಗಳು ಮೇಲಿಂದ ಮೇಲೆ ಸುಡುತ್ತವೆ, ಬ್ಯಾಟರಿಯ ನೀರು ಬೇಗ ಬತ್ತುತ್ತದೆ.

ಅನಂತರ ಅರ್ತ್ ಪರೀಕ್ಷೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ದೀಪ ಆರಿಸಿ, ಮಲ್ಟಿಮೀಟರಿನಿಂದ ತಂತಿಯ ರೋಧವನ್ನಷ್ಟೇ ಅಳೆದರೆ, ಒಂದೇ ಎಳೆ ಉಳಿದ ತಂತಿಯೂ ‘ಸರಿ’ ಎಂದು ತೋರುತ್ತದೆ. ದೋಷ ಹೊರಬೀಳುವುದು ವಿದ್ಯುತ್ತು ಹರಿಯುವಾಗ. ಆದ್ದರಿಂದ ದೀಪ ಉರಿಯುತ್ತಿರುವಂತೆಯೇ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣಾಗ್ರಕ್ಕೂ ಕೆಂಪು ಕಡ್ಡಿಯನ್ನು ದೀಪದ ಅರ್ತ್ ತುದಿಗೂ ತಾಗಿಸಬೇಕು. ಸೊನ್ನೆಯ ಸಮೀಪ ಇದ್ದರೆ ಒಳ್ಳೆಯದು, 0.2 ವೋಲ್ಟಿಗಿಂತ ಹೆಚ್ಚಿದ್ದರೆ ಆ ದಾರಿಯಲ್ಲಿ ದೋಷವಿದೆ. ಕೆಂಪು ಕಡ್ಡಿಯನ್ನು ಹಂತಹಂತವಾಗಿ ಬ್ಯಾಟರಿಯ ಕಡೆಗೆ ಸರಿಸುತ್ತ ಬಂದರೆ, ಅಂಕಿ ಒಮ್ಮೆಲೇ ಇಳಿಯುವ ಜಾಗವೇ ಕೆಟ್ಟ ಜೋಡಣೆ. 60 ವ್ಯಾಟಿನ ದೀಪದ ದಾರಿಯಲ್ಲಿ ಕೇವಲ ಅರ್ಧ ಓಮ್ ರೋಧ ಸೇರಿದರೂ ದೀಪಕ್ಕೆ ತಲುಪುವುದು ಸುಮಾರು 10 ವೋಲ್ಟ್. ಬೆಳಕು ಮಾತ್ರ ಸುಮಾರು ಅರ್ಧಕ್ಕೆ ಕುಸಿಯುತ್ತದೆ. ಹೊಸ ಬಲ್ಬು ಹಾಕಿಯೂ ರಸ್ತೆ ಕಾಣದಿರುವುದಕ್ಕೆ ಕಾರಣ ಇದು.

ಎಂಜಿನ್ನಿನ ಅರ್ತ್ ಪಟ್ಟಿಯನ್ನು ಮರೆಯಬಾರದು. ಅದು ಕಡಿದಿದ್ದರೆ ಸ್ಟಾರ್ಟರಿನ ಭಾರಿ ಪ್ರವಾಹವು ಕ್ಲಚ್ ಅಥವಾ ಆಕ್ಸಿಲರೇಟರಿನ ಕೇಬಲನ್ನೇ ದಾರಿ ಮಾಡಿಕೊಂಡು ಅದನ್ನು ಸುಡುತ್ತದೆ. ಕೇಬಲು ಪದೇ ಪದೇ ಕೆಡುತ್ತಿದೆ ಎಂದು ಕೇಬಲನ್ನೇ ಬದಲಿಸುತ್ತ ಹೋದವರಿಗೆ ಕಾರಣ ತಿಳಿಯುವುದೇ ಇಲ್ಲ.

ಮೇಲಿನ ವ್ಯಾನಿನ ಮೊದಲ ಮೂರು ದೋಷಗಳು ಹೀಗೆ ಒಂದೇ ಜಾತಿಯವು. ಮಾಪಕದ ಫಲಕಕ್ಕೂ ಅರ್ತ್ ಇದೆ. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸು ಸವರಿದರೆ ಸಾಕು. ನಾಲ್ಕನೆಯದು ಬೇರೆ. ಬ್ಯಾಟರಿ ಬರಿದಾಗುವುದೆಂದರೆ ನಿಂತ ವಾಹನದಲ್ಲೂ ಏನೋ ವಿದ್ಯುತ್ತು ಕುಡಿಯುತ್ತಿದೆ. ಎಲ್ಲವನ್ನೂ ಆರಿಸಿ, ಋಣಾಗ್ರದ ತಂತಿ ಬಿಚ್ಚಿ, ನಡುವೆ ಆಂಪಿಯರ್ ಅಳೆಯುವಂತೆ ಮೀಟರನ್ನು ಜೋಡಿಸಬೇಕು. ಈ ಸ್ಥಿತಿಯಲ್ಲಿ ಎಂಜಿನ್ನು ಚಾಲೂ ಮಾಡಿದರೆ ಮೀಟರು ಹಾಳಾಗುತ್ತದೆ. 0.05 ಆಂಪಿಯರ್ ವರೆಗಿನ ಸೋರಿಕೆಯನ್ನು 35 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ನಾಲ್ಕು ವಾರ ತಡೆದೀತು; ಅರ್ಧ ಆಂಪಿಯರಾದರೆ ಮೂರೇ ದಿನ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದಾಗ, ಯಾವುದನ್ನು ಕಿತ್ತರೆ ಅಂಕಿ ಇಳಿಯುತ್ತದೆಯೋ ಆ ದಾರಿಯಲ್ಲಿ ಸೋರಿಕೆ ಇದೆ. ಯಾವುದರಿಂದಲೂ ಇಳಿಯದಿದ್ದರೆ ಆಲ್ಟರ್ನೇಟರಿನ ಮೇಲೂ, ಫ್ಯೂಸು ತಪ್ಪಿಸಿ ನೇರ ಬ್ಯಾಟರಿಯಿಂದ ಎಳೆದ ಸಂಗೀತದ ಪೆಟ್ಟಿಗೆ, ಹೆಚ್ಚುವರಿ ದೀಪಗಳ ಮೇಲೂ ಸಂಶಯಪಡಬೇಕು.

ಈ ತಿರುಚಿ ಕಟ್ಟಿದ ತಂತಿಗಳೇ ಬೆಂಕಿಯ ಮೂಲ. ಫ್ಯೂಸಿನ ಕೆಲಸ ದೀಪವನ್ನಲ್ಲ, ತಂತಿಯನ್ನು ಕಾಯುವುದು. 15 ಆಂಪಿಯರಿನ ಫ್ಯೂಸು ಹೋದಾಗ 30ರದ್ದನ್ನೋ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನೋ ಇಟ್ಟರೆ, ಮುಂದಿನ ಸಲ ಕರಗುವುದು ಆಸನದಡಿಯ ತಂತಿ. ಗ್ಯಾಸ್ ಕಿಟ್ ಅಳವಡಿಸಿದ ವ್ಯಾನಿನಲ್ಲಿ ಅಪಾಯ ಇನ್ನೂ ಹೆಚ್ಚು. ಅಂಥಲ್ಲಿ ಸಿಲಿಂಡರಿನ ಕವಾಟ ಮುಚ್ಚಿ, ಬಾಗಿಲುಗಳನ್ನು ತೆರೆದಿಟ್ಟು, ಅನಿಲದ ವಾಸನೆ ಇಲ್ಲವೆಂದು ಖಚಿತವಾದ ಮೇಲೆಯೇ ಬ್ಯಾಟರಿಯ ತಂತಿಗೆ ಕೈಹಾಕಬೇಕು. ಬಿಚ್ಚುವಾಗ ಋಣಾಗ್ರ ಮೊದಲು, ಜೋಡಿಸುವಾಗ ಕೊನೆಗೆ.