ನೀರಿನ ಕೊಳವೆ, ನೆತ್ತರಿನ ಕೊಳವೆ

ತುಡಿಯಲೂರಿನ ಸುತ್ತಲಿನ ರೈತ ಬಾಂಧವರಿಗೆ ಪಂಪು, ಕೊಳವೆಗಳ ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರಿನ ಕೊಳವೆ ಬಿರುಸಾಗಿ ಸೀಳುವುದನ್ನು ಎಲ್ಲರೂ ಕಂಡಿದ್ದೀರಿ. ನಮ್ಮ ಮೈಯೊಳಗಿನ ಕೊಳವೆಗಳಿಗೂ ಮುಪ್ಪು ಬರುತ್ತದೆ. ಅದರ ಮೇಲೆ ರಕ್ತದ ಒತ್ತಡವೂ ಹೆಚ್ಚಾದರೆ ಮುಪ್ಪು ಬೇಗನೆ ಬರುತ್ತದೆ.

ರಕ್ತದ ಒತ್ತಡವನ್ನು ಮೊದಲು ಅಳೆದವನು ಗಿಡಗಳಲ್ಲಿ ರಸ ಏರುವ ಬಗೆಯನ್ನು ಅಭ್ಯಾಸ ಮಾಡಿದವನೇ ಎಂಬುದು ಕೃಷಿಕರಿಗೆ ಮೆಚ್ಚುಗೆಯಾಗುವ ಸಂಗತಿ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯ ಧಮನಿಗೆ ಹಿತ್ತಾಳೆಯ ನಳಿಗೆಯನ್ನು ಹೊಂದಿಸಿ, ಅದಕ್ಕೆ ಗಾಜಿನ ಉದ್ದನೆಯ ಕೊಳವೆಯನ್ನು ಜೋಡಿಸಿದನು. ರಕ್ತವು 8 ಅಡಿ 3 ಅಂಗುಲ ಎತ್ತರಕ್ಕೆ ಏರಿತು. ಇದನ್ನು ಅವನು 1733ರಲ್ಲಿ ಪ್ರಕಟಿಸಿದನು. ನಮ್ಮ ಡಾಕ್ಟರರು ಹೇಳುವ 120 ಎಂಬ ಅಂಕಿ ಪಾದರಸದ ಲೆಕ್ಕ. ನೀರಿನ ಲೆಕ್ಕದಲ್ಲಿ ಅದು ಸುಮಾರು 5 ಅಡಿ 4 ಅಂಗುಲ. 140 ಎಂದರೆ 6 ಅಡಿ 3 ಅಂಗುಲ. 180 ಎಂದರೆ 8 ಅಡಿ. ಅಷ್ಟು ಎತ್ತರಕ್ಕೆ ನೀರೆತ್ತುವ ಬಲದಿಂದ ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ ತಳ್ಳುತ್ತದೆ.

ಹೃದಯದಿಂದ ಹೊರಡುವ ಮಹಾಧಮನಿಯು ಕಬ್ಬಿಣದ ಕೊಳವೆಯಂತಲ್ಲ. ಪ್ರತಿ ಬಡಿತಕ್ಕೂ ಅದು ಹಿಗ್ಗಿ, ಬಡಿತಗಳ ನಡುವೆ ಕುಗ್ಗುತ್ತಾ ರಕ್ತವನ್ನು ಮುಂದಕ್ಕೆ ನೂಕುತ್ತದೆ. ಹಿಗ್ಗುವ ಈ ಗುಣವನ್ನು ಕೊಡುವ ಎಲಾಸ್ಟಿನ್ ಎಂಬ ನಾರು ಬಹುಮಟ್ಟಿಗೆ ಎಳೆಯ ವಯಸ್ಸಿನಲ್ಲೇ ನೆಯ್ದು ಮುಗಿಯುತ್ತದೆ; ಆಮೇಲೆ ಹೊಸತು ಬರುವುದು ತೀರ ಕಡಮೆ. ವಯಸ್ಸಾದಂತೆ ಈ ನಾರುಗಳು ತುಂಡಾಗುತ್ತವೆ, ಅವುಗಳ ಎಡೆಯಲ್ಲಿ ಗಡುಸಾದ ನಾರು ಬೆಳೆಯುತ್ತದೆ, ಸುಣ್ಣದ ಅಂಶವೂ ಕೂಡುತ್ತದೆ. ಹಿಗ್ಗದ ಕೊಳವೆಯಲ್ಲಿ ಪ್ರತಿ ತಳ್ಳುವಿಕೆಯೂ ಸುತ್ತಿಗೆಯ ಪೆಟ್ಟಾಗುತ್ತದೆ. ಪೆಟ್ಟು ಬಿದ್ದ ಗೋಡೆ ಮತ್ತಷ್ಟು ಗಡುಸಾಗುತ್ತದೆ, ಒತ್ತಡ ಮತ್ತಷ್ಟು ಏರುತ್ತದೆ. ಆದ್ದರಿಂದಲೇ ಅರುವತ್ತು ದಾಟಿದವರಲ್ಲಿ ಮೇಲಿನ ಅಂಕಿ ಏರಿ ಕೆಳಗಿನದು ಇಳಿಯುವುದುಂಟು. ಕೆಳಗಿನದು ಇಳಿಯಿತೆಂದು ಸಂತೋಷಪಡತಕ್ಕದ್ದಲ್ಲ.

ದೊಡ್ಡ ನಾಳ ತಡೆಯಲಾರದ ಪೆಟ್ಟು ಸಣ್ಣ ನಾಳಗಳಿಗೆ ತಲಪುತ್ತದೆ. ಅವುಗಳ ಗೋಡೆ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಮಿದುಳು, ಕಣ್ಣು, ಮೂತ್ರಪಿಂಡಗಳು ಮೊದಲು ನೋಯುತ್ತವೆ. ನೋಯುತ್ತವೆ ಎಂದೆನಾದರೂ ನೋವು ಮಾತ್ರ ತೋರುವುದಿಲ್ಲ! "ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೇಕೆ ಮಾತ್ರೆ?" ಎನ್ನುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಪಾರ್ಶ್ವವಾಯು ಬಡಿದ ದಿನವೇ ಅನೇಕರಿಗೆ ಒತ್ತಡದ ಸುದ್ದಿ ಗೊತ್ತಾಗುವುದು.

ವಯಸ್ಸನ್ನು ಹಿಂದಕ್ಕೆ ತಿರುಗಿಸಲಾಗದು, ಒತ್ತಡವನ್ನು ಇಳಿಸಬಹುದು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚೆಯಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು. ಬೀಡಿ, ಹೊಗೆಸೊಪ್ಪು ಬಿಡಬೇಕು. ಮಾತ್ರೆಯನ್ನು ಡಾಕ್ಟರರ ಮಾತಿಲ್ಲದೆ ನಿಲ್ಲಿಸಬಾರದು.

ತಮಿಳುನಾಡು ಸರಕಾರವು 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 'ಮಕ್ಕಳೈ ತೇಡಿ ಮರುತ್ತುವಮ್' ಯೋಜನೆಯನ್ನು ಆರಂಭಿಸಿತು. ಒತ್ತಡ, ಸಕ್ಕರೆ ರೋಗಗಳ ಮಾತ್ರೆಯನ್ನು ಮನೆಬಾಗಿಲಿಗೆ ತಂದು ಕೊಡುವ ಏರ್ಪಾಡು ಇದು. ತಮಿಳಿನಲ್ಲಿ 'ಮಕ್ಕಳ್' ಎಂದರೆ ಜನರು. ನಮ್ಮ ಕನ್ನಡದ ಮಕ್ಕಳಲ್ಲ. ಆದುದರಿಂದ ಕಾರ್ಯಕರ್ತೆ ಬಂದಾಗ ಮೊಮ್ಮಕ್ಕಳನ್ನು ಕಳಿಸಿ ಒಳಗೆ ಕೂಡದೆ ಅಜ್ಜ ಅಜ್ಜಿಯರೇ ಹೊರಗೆ ಬರಬೇಕು. ಹೊಲದಿಂದ ಬಂದ ಕೂಡಲೇ ಅಳೆಸಬೇಡಿ. ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಅಳೆಸಿ. ಎರಡೂ ಅಂಕಿಗಳನ್ನು ಕೇಳಿ ಬರೆದಿಡಿ. ಮತ್ತೆ ಮತ್ತೆ 140/90 ಅಥವಾ ಅದಕ್ಕೂ ಮೇಲೆ ಬಂದರೆ ಆ ಚೀಟಿಯೊಂದಿಗೆ ಆರೋಗ್ಯ ಕೇಂದ್ರಕ್ಕೆ ಹೋಗಿ.