ನೆಟ್ಟ ಸಸಿ ಬೇಸಿಗೆ ದಾಟಬೇಕಾದರೆ

ಪ್ರಶ್ನೆ: ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಂಘ ಕಳೆದ ವರ್ಷ ರಸ್ತೆ ಬದಿ ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಒಣಗಿವೆ. ಮತ್ತೆ ನೆಡುವಾಗ ಏನು ಗಮನಿಸಬೇಕು?

ಉತ್ತರ: ನಗರದಲ್ಲಿ ನೆಟ್ಟ ಸಸಿಗಳು ಹೆಚ್ಚಾಗಿ ಸಾಯುವುದು ಮೊದಲ ಬೇಸಿಗೆಯಲ್ಲಿ. ಎಷ್ಟು ಸಸಿ ಬೇಕೆಂಬುದನ್ನು ನೀರು ಹಾಕಲು ಸಿದ್ಧವಿರುವ ಮನೆಗಳ ಲೆಕ್ಕ ನೋಡಿ ನಿರ್ಧರಿಸಬೇಕು. ಮನೆಗೊಂದು ಸಸಿ ವಹಿಸಿ, ಎರಡು ಬೇಸಿಗೆಯಾದರೂ ವಾರಕ್ಕೆರಡು ಸಲ ನೀರುಣಿಸಬೇಕು. ಪರಿಸರ ದಿನದ ಫೋಟೊಗೆ ನೆಡುವ ನೂರಕ್ಕಿಂತ ಉಳಿಯುವ ಹತ್ತು ಮೇಲು.

ರಸ್ತೆ ಬದಿ ಸಾರ್ವಜನಿಕ ಜಾಗವಾದ್ದರಿಂದ ಮೊದಲು ಪಾಲಿಕೆಯ ಅರಣ್ಯ ವಿಭಾಗಕ್ಕೆ ಸಂಘದ ಹೆಸರಿನಲ್ಲಿ ಅರ್ಜಿ ಕೊಡಬೇಕು. ನೆಲದಡಿಯ ಕೇಬಲ್, ಕೊಳವೆ ಎಲ್ಲಿವೆಯೆಂದು ಬೆಸ್ಕಾಂ ಮತ್ತು ಜಲಮಂಡಳಿಯ ಸ್ಥಳೀಯ ಎಂಜಿನಿಯರ್‌ಗಳಲ್ಲಿ ವಿಚಾರಿಸದೆ ಗುಂಡಿ ತೋಡಬಾರದು.

ವಿದ್ಯುತ್ ತಂತಿಯ ಕೆಳಗೆ ಎತ್ತರದ ಮರ ನೆಟ್ಟರೆ ವರ್ಷವರ್ಷವೂ ಕೊಂಬೆಗೆ ಕತ್ತರಿ ಬೀಳುತ್ತದೆ; ಅಲ್ಲಿ ದೇವಕಣಗಿಲೆಯಂಥ ಗಿಡ್ಡ ಮರ ಸಾಕು. ಅಗಲ ರಸ್ತೆಗೆ ಹೊಂಗೆ, ಬೇವು, ಹೊಳೆದಾಸವಾಳ ಒಗ್ಗುತ್ತವೆ. ಆಲ, ಅರಳಿಗೆ ಉದ್ಯಾನವೇ ಸರಿ. ಗುಲ್‌ಮೊಹರ್ ನೋಡಲು ಚೆಂದ, ಆದರೆ ಮಳೆಗಾಳಿಗೆ ಕೊಂಬೆ ಮುರಿದು ಬೀಳುವುದು ಸಾಮಾನ್ಯ.

ಮೂರಡಿ ಆಳ, ಅಗಲದ ಗುಂಡಿಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಆರಡಿಯ ಬಲಿತ ಸಸಿಯನ್ನು ಜೂನ್ ಮಳೆ ಹಿಡಿದ ಮೇಲೆ ನೆಡುವುದು ಕ್ಷೇಮ. ಊರುಗೋಲು, ದನ ಮೇಯದಂತೆ ಬೇಲಿ ಬೇಕೇ ಬೇಕು. ಬುಡದ ಸುತ್ತ ಮೂರಡಿಯಷ್ಟು ಸಿಮೆಂಟ್ ಬೀಳದಂತೆ ಕಾಯಬೇಕು.

ಅಡ್ಡಿಯಾಗಿದೆಯೆಂದು ಹಳೆಯ ಮರವನ್ನು ಸಂಘವೇ ಕಡಿಸುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಕಡ್ಡಾಯ.